ಜಾತ್ರೆಯ ಚಕ್ಕಡಿ ಮತ್ತು ಚಳಿಗಾಲದ ರಾತ್ರಿ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ನವಲಗುಂದ, ಅಣ್ಣಿಗೇರಿ ಕಡೆಯ ಒಕ್ಕಲು ಮನೆತನಗಳು ಚಕ್ಕಡಿ ಹೂಡಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಹಳೆಯ ರೂಢಿ. ಈಗ ಟ್ರ್ಯಾಕ್ಟರ್ ಟ್ರೇಲರ್‌ಗಳೂ ಸೇರಿವೆ. ಮೇಲೆ ತಾಡಪತ್ರಿ ಕಟ್ಟಿ, ಬುತ್ತಿ, ಪಾತ್ರೆಪಗಡ ಹೇರಿ, ಮಕ್ಕಳುಮರಿಯೊಂದಿಗೆ ಅದರಲ್ಲೇ ಮಲಗುತ್ತಾರೆ. ಎರೆಸೀಮೆಯ ಸಂಚಾರಿ ಮನೆ ಎಂದರೆ ಇದೇ. ಜನವರಿಯ ಬೆಳಗಿನ ಜಾವದಲ್ಲಿ ಇಲ್ಲಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಬಯಲಿನ ಮೂಡಗಾಳಿ ಚಳಿಯನ್ನು ಇನ್ನಷ್ಟು ಚುಚ್ಚುವಂತೆ ಮಾಡುತ್ತದೆ.

ನಿದ್ದೆಯಲ್ಲಿರುವ ದೊಡ್ಡವರೊಬ್ಬರ ಮೈ ಸುಮಾರು 70ರಿಂದ 80 ವ್ಯಾಟ್ ಶಾಖ ಬಿಡುತ್ತದೆ. ಎಂಟು ಮಂದಿ ಮಲಗಿದರೆ ಸುಮಾರು 600 ವ್ಯಾಟ್, ಅಂದರೆ ಒಂದು ಸಣ್ಣ ವಿದ್ಯುತ್ ಹೀಟರಿನಷ್ಟು. ಶಾಖಕ್ಕೆ ಕೊರತೆಯಿಲ್ಲ, ಅದು ಸೋರಿಹೋಗುವುದೇ ತೊಂದರೆ.

ಸೋರಿಕೆಯಲ್ಲಿ ನಾವು ಅಲಕ್ಷಿಸುವುದು ತಳವನ್ನು. ಕೌದಿ ಬೆಚ್ಚಗಿರುವುದು ಹಳೆ ಸೀರೆಗಳ ಪದರುಗಳ ನಡುವೆ ನಿಂತ ಗಾಳಿಯಿಂದ. ಮೈಭಾರಕ್ಕೆ ಆ ಗಾಳಿ ಹಿಂಡಿಹೋಗುತ್ತದೆ. ಹೊದ್ದ ಕೌದಿ ಕಾಯುವಷ್ಟು ಹಾಸಿದ ಕೌದಿ ಕಾಯದು. ಎತ್ತಿಗೆಂದು ಒಯ್ಯುವ ಮೇವು ಇಲ್ಲಿ ಆಸರೆಯಾಗುತ್ತದೆ. ಜೋಳದ ಕಣಿಕೆ, ಕಲಘಟಗಿ ಕಡೆ ಭತ್ತದ ಹುಲ್ಲು, ಎರಡೂ ಭಾರ ಹೊತ್ತೂ ಗಾಳಿಯನ್ನು ಹಿಡಿದಿಡುತ್ತವೆ. ಆದರೆ ಎತ್ತು ತಿಂದಷ್ಟೂ ಹಾಸಿಗೆ ತೆಳುವಾಗುತ್ತದೆ; ಮರಳಿ ಬರುವ ರಾತ್ರಿಗೆಂದು ಒಂದೆರಡು ಹೊರೆ ಬೇರೆಯೇ ಇಡಬೇಕು. ಟ್ರೇಲರಿನಲ್ಲಿ ಹುಲ್ಲಿನ ಹಾಸು ಮತ್ತೂ ಮುಖ್ಯ: ಉಕ್ಕು ಕಟ್ಟಿಗೆಗಿಂತ ಸುಮಾರು 300 ಪಟ್ಟು ಹೆಚ್ಚು ಸಲೀಸಾಗಿ ಶಾಖ ದಾಟಿಸುತ್ತದೆ. ಎತ್ತಿಲ್ಲದ ಬಂಡಿಗೆ ಮೇವು ಯಾಕೆಂದು ಹುಲ್ಲನ್ನು ಬಿಟ್ಟುಹೋಗುವುದು ತಪ್ಪು ಲೆಕ್ಕ.

ತಾಡಪತ್ರಿ ಗಾಳಿ ತಡೆಯುತ್ತದೆ, ಉಸಿರಿನ ತೇವವನ್ನೂ ಹಿಡಿದಿಡುತ್ತದೆ. ಆ ತೇವ ತಣ್ಣಗಾದ ತಾಡಪತ್ರಿಯ ಒಳಮೈಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಮೂಡಲ ಬದಿಯನ್ನು ಬಿಗಿಯಾಗಿ ಕಟ್ಟಿ ಪಡುವಲ ಬದಿಯ ಮೇಲ್ಭಾಗವನ್ನು ತೆರೆದಿಡುವುದು ಒಳ್ಳೆಯದು. ಕುರುಬರ ಕಂಬಳಿಯನ್ನು ತಾಡಪತ್ರಿಯ ಒಳಗೆ ಇಳಿಬಿಟ್ಟರೆ ಇನ್ನೂ ಮೇಲು. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತ ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸದು.

ಕೂಸುಗಳಿಗೆ ಚಳಿಯೆಂದು ಕೆಂಡದ ಬುಟ್ಟಿಯನ್ನು ಮಾತ್ರ ಯಾರೂ ಒಳಗಿಡಬಾರದು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಹೊರಗಿನ ಅಡುಗೆ ಒಲೆಯ ಬೂದಿಯೂ ಪೂರ್ತಿ ಆರಿದ ಮೇಲೆಯೇ ತಾಡಪತ್ರಿಯ ಸೆರಗು ಇಳಿಸಿರಿ.