ಕುಂದಾಪುರ ಸೀಮೆಯ ಹಳೆಯ ಬಣ್ಣದ ಟೆಲಿವಿಷನ್: ಒಂದು ಚಾರಿತ್ರಿಕ ಆಕರ

ಶಾಸನ, ಕಡತಗಳಂತೆ ಮನೆಬಳಕೆಯ ಯಂತ್ರವೂ ಚರಿತ್ರೆಗೆ ಆಕರವಾಗಬಲ್ಲದು. ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಭಾರತದಲ್ಲಿ ವರ್ಣಪ್ರಸಾರವು ಮೊದಲಾದುದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಿಗೆ ಬಣ್ಣದ ಟೆಲಿವಿಷನ್ ಬಂದ ದಾರಿ ಒಂದೇ ಅಲ್ಲ. ಪೇಟೆಯಲ್ಲಿ ಕೊಂಡವು ಕೆಲವು. ಕೊಲ್ಲಿ ದೇಶಗಳಲ್ಲಿ ದುಡಿದವರು ತಂದವು ಕೆಲವು.

ಈ ಭೇದದ ಸುಳಿವು ಯಂತ್ರದಲ್ಲಿಯೇ ಉಂಟು. ಭಾರತವು ಸ್ವೀಕರಿಸಿದುದು 625 ಗೆರೆಗಳ 'ಪಾಲ್' ಎಂಬ ವರ್ಣಪದ್ಧತಿಯನ್ನು. ಸೌದಿ ಅರೇಬಿಯದಲ್ಲಿ ರೂಢಿಯಲ್ಲಿದ್ದುದು 'ಸೆಕಾಮ್'. ಎರಡನ್ನೂ ಆಯ್ದುಕೊಳ್ಳುವ ಗುಂಡಿಯುಳ್ಳ ಯಂತ್ರವು ವಲಸೆಯ ಕಥೆಯನ್ನು ಸೂಚಿಸಬಹುದು. ಮನೆಯವರ ಹೇಳಿಕೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕು.

ಸಂಗ್ರಾಹಕರ ಕಷ್ಟವು ಇಲ್ಲಿಂದ ಮೊದಲಾಗುತ್ತದೆ. ಕರಾವಳಿಯ ಉಪ್ಪುಗಾಳಿ ಹಾಗೂ ಮಳೆಗಾಲದ ತೇವದಿಂದ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ವರ್ಷಗಳು ಕಳೆದಂತೆ ಕೆಪಾಸಿಟರುಗಳು ಒಣಗುತ್ತವೆ. ಚಿತ್ರನಳಿಗೆಯಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ತು, ಯಂತ್ರವನ್ನು ನಿಲ್ಲಿಸಿದ ಮೇಲೂ ಉಳಿದಿರಬಹುದಾದುದರಿಂದ, ಬಲ್ಲವರೇ ಕೈಹಾಕಬೇಕು. ದುರಸ್ತಿಯಿಂದ ಚಿತ್ರವು ಮರಳಿ ಮೂಡೀತು; ಆದರೆ ಮೂಲ ಬಿಡಿಭಾಗ, ತಯಾರಕರ ಚೀಟಿ, ಹಿಂದಿನ ಬೆಸುಗೆಯ ಗುರುತು ಇವೆಲ್ಲ ಅಳಿದರೆ ಆಕರವೇ ನಾಶವಾದಂತೆ. ಆದಕಾರಣ ಬದಲಿಸಿದ ಭಾಗಗಳನ್ನು ಗುರುತುಮಾಡಿ ಕಾಪಿಡುವುದು, ಯಂತ್ರವು ಯಾರಿಂದ, ಎಲ್ಲಿಂದ ಬಂದಿತೆಂಬುದನ್ನು ಬರೆದಿಡುವುದು ದುರಸ್ತಿಯಷ್ಟೇ ಮುಖ್ಯ. ನಮ್ಮ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿಯೇ ಕೈಗೊಳ್ಳಬಹುದಾದ ಸಂಶೋಧನೆಯಿದು. ಗುಜರಿಗೆ ಸೇರಿದ ಯಂತ್ರದೊಡನೆ ಅದರ ಚರಿತ್ರೆಯೂ ಹೋಗುತ್ತದೆ.