ಬೀಗ ಬಿದ್ದ ಆರ್ಕೇಡ್‌ನ ಯಂತ್ರಗಳು: ನಾಣ್ಯದ ಆಟಗಳ ಅಳಿವು ಉಳಿವಿನ ಚರಿತ್ರೆ

ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರವನ್ನು ತಯಾರಿಸಿದ್ದು ದುಡಿಸುವುದಕ್ಕೇ ಹೊರತು ಉಳಿಸುವುದಕ್ಕಲ್ಲ. ಅಮೆರಿಕದ ಮಾರುಕಟ್ಟೆಗೆ 1971ರಲ್ಲಿ ಕಂಪ್ಯೂಟರ್ ಸ್ಪೇಸ್, ಮರುವರ್ಷ ಅಟಾರಿ ಕಂಪನಿಯ ಪಾಂಗ್ ಬಂದಾಗ ಯಂತ್ರ ಹೊಸದಾಗಿತ್ತು. ವ್ಯಾಪಾರದ ಪದ್ಧತಿ ಮಾತ್ರ ಪಿನ್‌ಬಾಲ್ ಮತ್ತು ಜೂಕ್‌ಬಾಕ್ಸ್ ಕಾಲದ್ದೇ. ಯಂತ್ರ ಕೊಂಡವನು ಒಬ್ಬ, ಅದಕ್ಕೆ ಜಾಗ ಕೊಟ್ಟ ಬಾರಿನವನೋ ಅಂಗಡಿಯವನೋ ಇನ್ನೊಬ್ಬ. ಪೆಟ್ಟಿಗೆಗೆ ಬಿದ್ದ ಚಿಲ್ಲರೆಯನ್ನು ಇಬ್ಬರೂ ಬಹುಮಟ್ಟಿಗೆ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಆಟದ ಹೊಸತನ ಮಾಸಿದಂತೆ ಗಳಿಕೆ ಇಳಿಯುತ್ತಿತ್ತು. ಅದು ಇಳಿಯಲು ಕೆಲವು ತಿಂಗಳು ಸಾಕಾಗುತ್ತಿತ್ತು. ಗಳಿಸದ ಯಂತ್ರ ಬಾಡಿಗೆ ಕೊಡದೆ ಜಾಗ ಹಿಡಿದು ಕೂತ ಸಾಮಾನು. ಇಂಥ ಯಂತ್ರಗಳನ್ನು ಸಾಲಾಗಿ ಇಟ್ಟ ಆಟದ ಅಂಗಡಿಗಳು, ಅಂದರೆ ಆರ್ಕೇಡ್‌ಗಳು, ಮುಚ್ಚಿದ್ದರಿಂದಲೇ ಹಳೆಯ ಆಟಗಳು ನಾಶವಾದವು ಎಂಬ ಸಾಮಾನ್ಯ ತಿಳಿವಳಿಕೆ ಈ ಲೆಕ್ಕಾಚಾರವನ್ನು ಮರೆಯುತ್ತದೆ. ವಾಸ್ತವದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಆರ್ಕೇಡ್‌ಗಳೇ ತಮ್ಮ ಹಳೆಯ ಆಟಗಳನ್ನು ಹೆಚ್ಚಾಗಿ ಅಳಿಸಿದವು. ಬಾಗಿಲು ಹಾಕಿ, ಒಳಗಿದ್ದುದನ್ನು ಮಾರಲೂ ಆಗದೆ ಬಿಟ್ಟುಹೋದ ಕಡೆಗಳಲ್ಲಿ ಕೆಲವು ಉಳಿದುಕೊಂಡವು.

ಅಳಿಸುವ ಕೆಲಸ ತಯಾರಕರಿಂದಲೇ ಆರಂಭವಾಯಿತು. ನಿಂಟೆಂಡೊದ ಅಮೆರಿಕ ಶಾಖೆ ರೇಡಾರ್ ಸ್ಕೋಪ್ ಎಂಬ ಆಟದ 3,000 ಯಂತ್ರಗಳನ್ನು ಜಪಾನಿನಿಂದ ತರಿಸಿತು. ಹಡಗಿನಲ್ಲಿ ಅವು ಬಂದು ತಲುಪುವಷ್ಟರಲ್ಲಿ ಆಟದ ಕಾವು ಆರಿತ್ತು. ಮಾರಾಟವಾದದ್ದು ಸುಮಾರು 1,000. ಗೋದಾಮಿನಲ್ಲಿ ಉಳಿದ 2,000 ಯಂತ್ರಗಳಿಗಾಗಿಯೇ ಬೇರೊಂದು ಆಟ ರಚಿಸುವ ಹೊಣೆ ಶಿಗೆರು ಮಿಯಾಮೊಟೊ ಎಂಬ ಯುವ ವಿನ್ಯಾಸಕಾರನ ಪಾಲಿಗೆ ಬಂತು. ಹೀಗೆ 1981ರಲ್ಲಿ ಹುಟ್ಟಿದ್ದು ಡಾಂಕಿ ಕಾಂಗ್. ವಾಷಿಂಗ್ಟನ್ ರಾಜ್ಯದ ಟಕ್ವಿಲಾದ ಗೋದಾಮಿನಲ್ಲಿ ಬೆರಳೆಣಿಕೆಯ ಸಿಬ್ಬಂದಿ, ಶಾಖೆಯ ಮುಖ್ಯಸ್ಥರೂ ಅವರ ಪತ್ನಿಯೂ ಸೇರಿದಂತೆ, ಒಂದೊಂದೇ ಯಂತ್ರ ಬಿಚ್ಚಿ ಒಳಗಿನ ಚಿಪ್‌ಗಳನ್ನೂ ಹೊರಗಿನ ಚಿತ್ರಪಟ್ಟಿಗಳನ್ನೂ ಬದಲಿಸಿದರು. ಮೊದಲ ಕಂತಿನ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪಾಗಿದ್ದುದಕ್ಕೆ ಇದೇ ಕಾರಣ. ಆಮೇಲೆ ಹೊಸದಾಗಿ ಮಾಡಿದವು ನೀಲಿ. ಒಂದು ಆಟ ಜಗತ್ಪ್ರಸಿದ್ಧವಾಯಿತು, ಇನ್ನೊಂದರ ಮೂಲ ಯಂತ್ರ ಇಂದು ಹುಡುಕಿದರೂ ಸಿಗದಷ್ಟು ಅಪರೂಪ.

ಪರಿವರ್ತನೆ ಮುಂದೆ ಉದ್ಯಮದ ಹೊಟ್ಟೆಪಾಡಾಯಿತು. ಮಿಸ್ ಪ್ಯಾಕ್-ಮ್ಯಾನ್ ಕೂಡ ಆರಂಭದಲ್ಲಿ ಪ್ಯಾಕ್-ಮ್ಯಾನ್ ಯಂತ್ರಕ್ಕೆ ಜೋಡಿಸುವ ಹೆಚ್ಚುವರಿ ಬೋರ್ಡಾಗಿಯೇ ಸಿದ್ಧವಾದದ್ದು. ಅದನ್ನು ಮಾಡಿದ್ದು ಮ್ಯಾಸಚೂಸೆಟ್ಸ್‌ನ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್. 1980ರ ದಶಕದ ಮಧ್ಯದಲ್ಲಿ ಜಪಾನಿನ ತಯಾರಕರು ಜಾಮಾ ಹೆಸರಿನ 56 ಪಿನ್ನುಗಳ ಸಮಾನ ಜೋಡಣೆಯನ್ನು ಒಪ್ಪಿಕೊಂಡ ಮೇಲೆ ಬೋರ್ಡ್ ಬದಲಿಸುವುದು ಕೆಲವೇ ನಿಮಿಷಗಳ ಕೆಲಸವಾಯಿತು. ಅದಕ್ಕಿಂತ ಹಿಂದಿನ ಪೆಟ್ಟಿಗೆಗಳ ವೈರಿಂಗನ್ನು ಒಮ್ಮೆ ಕತ್ತರಿಸಿ ಜಾಮಾಕ್ಕೆ ಒಗ್ಗಿಸಿದರೆ ಮುಗಿಯಿತು, ಮತ್ತೆ ಮೂಲ ಆಟಕ್ಕೆ ಮರಳುವ ದಾರಿ ಇರಲಿಲ್ಲ. 1991ರ ಸ್ಟ್ರೀಟ್ ಫೈಟರ್ 2 ಗಳಿಕೆಯಲ್ಲಿ ಹೊಸ ಹುಮ್ಮಸ್ಸು ತಂದಾಗ ಎಷ್ಟೋ ಹಳೆಯ ಪೆಟ್ಟಿಗೆಗಳ ಪಕ್ಕಗಳಿಗೆ ಕಪ್ಪು ಬಣ್ಣ ಬಳಿದು, ಆರು ಗುಂಡಿಗಳಿಗೆ ತೂತು ಕೊರೆದು, ಹಳೆಯ ಬೋರ್ಡನ್ನು ಗುಜರಿಗೆ ಹಾಕಲಾಯಿತು. ಸಂಗ್ರಾಹಕರು ಇಂದಿಗೂ ಆ ಬಣ್ಣವನ್ನು ಮೆಲ್ಲಗೆ ಕೆರೆದು, ಅಡಿಯಲ್ಲಿ ಯಾವ ಆಟದ ಚಿತ್ರವಿದೆ ಎಂದು ನೋಡುವುದುಂಟು.

ಇನ್ನು ಮುಚ್ಚಿದ ಆರ್ಕೇಡ್‌ಗಳ ಮಾತು. ಬಾಗಿಲು ಹಾಕುವಾಗ ಯಂತ್ರಗಳಿಗೆ ಸಾಮಾನ್ಯವಾಗಿ ಮೂರು ದಾರಿ: ಹರಾಜು, ಬೇರೆ ಊರಿನ ಆರ್ಕೇಡ್, ಇಲ್ಲವೇ ಗುಜರಿ. ಒಂದು ಯಂತ್ರದ ತೂಕ ನೂರು ಕಿಲೋ ಮೀರುವುದರಿಂದ, ಮಾರಿ ಬರುವ ಹಣಕ್ಕಿಂತ ಸಾಗಿಸುವ ಖರ್ಚೇ ಹೆಚ್ಚಾಗುತ್ತಿದ್ದ ಕಾಲವೂ ಇತ್ತು.

ವಿಡಿಯೊ ಗೇಮ್‌ಗಿಂತ ಹಿಂದಿನ ತಲೆಮಾರಿನ ಯಂತ್ರಗಳ ವಿಷಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಉದಾಹರಣೆ ಭಿನ್ನವಾಗಿ ನಿಲ್ಲುತ್ತದೆ. ಅಲ್ಲಿನ ಕಡಲ ತೀರದ ಪ್ಲೇಲ್ಯಾಂಡ್ ಎಂಬ ವಿನೋದ ಉದ್ಯಾನ 1972ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಆ ಜಾಗದಲ್ಲಿ ಮುಂದೆ ಮನೆಗಳೆದ್ದವು. ಅಲ್ಲಿದ್ದ ನಾಣ್ಯದ ಯಂತ್ರಗಳು ಮಾತ್ರ ಚದುರಿಹೋಗಲಿಲ್ಲ. ಹುಡುಗನಾಗಿದ್ದಾಗಿನಿಂದಲೂ ಇಂಥವನ್ನು ಕೂಡಿಸಿಕೊಂಡು ಬಂದಿದ್ದ ಎಡ್ವರ್ಡ್ ಜೆಲಿನ್‌ಸ್ಕಿ ಅವರ ಮ್ಯೂಸೆ ಮೆಕಾನಿಕ್ ಸಂಗ್ರಹ ಅಲ್ಲಿಂದ ಹತ್ತಿರದ ಕ್ಲಿಫ್ ಹೌಸ್ ಕಟ್ಟಡದ ನೆಲಮಾಳಿಗೆಗೂ, 2002ರಲ್ಲಿ ಬಂದರಿನ 45ನೇ ಧಕ್ಕೆಗೂ ಹೋಯಿತು. 2020ರ ಮೇ ತಿಂಗಳಲ್ಲಿ ಅದೇ ಧಕ್ಕೆಯ ದೊಡ್ಡ ಗೋದಾಮು ಬೆಂಕಿಗೆ ಆಹುತಿಯಾಯಿತು, ಸಂಗ್ರಹ ಪಾರಾಯಿತು. ಗಾಜಿನ ಪೆಟ್ಟಿಗೆಯಲ್ಲಿ ನಿಂತು ಮೈ ಕುಲುಕಿಸಿ ಗಹಗಹಿಸುವ ‘ಲಾಫಿಂಗ್ ಸ್ಯಾಲ್’ ಗೊಂಬೆಯೂ ಸೇರಿ 300ಕ್ಕೂ ಹೆಚ್ಚು ಯಂತ್ರಗಳು ಅಲ್ಲಿವೆ. ಪ್ರವೇಶ ಶುಲ್ಕವಿಲ್ಲ, ಆಡಬೇಕಾದರೆ ನಾಣ್ಯ ಹಾಕಬೇಕು. ಸಲಾಕೆ, ಗಿಯರು, ಬೆಲ್ಟುಗಳಿಂದ ನಡೆಯುವ ಯಂತ್ರವನ್ನು ಕಮ್ಮಾರಿಕೆ ಮರಗೆಲಸ ಬಲ್ಲವರು ರಿಪೇರಿ ಮಾಡಿಕೊಳ್ಳಬಹುದು ಎಂಬುದು ಈ ಸಂಗ್ರಹದ ದೀರ್ಘಾಯುಷ್ಯಕ್ಕೆ ಒಂದು ಕಾರಣ. ಚಿಪ್ ಇರುವ ಯಂತ್ರಕ್ಕೆ ಆ ಭಾಗ್ಯವಿಲ್ಲ.

ವಿಡಿಯೊ ಗೇಮ್‌ಗಳ ಮಟ್ಟಿಗೆ ಬೀಗ ಬಿದ್ದ ಆರ್ಕೇಡ್ ಎಂದೊಡನೆ ತಿಳಿದವರು ಹೆಸರಿಸುವುದು ಒಂದು ಹಡಗನ್ನು. ಬೆಲ್‌ಫಾಸ್ಟ್‌ನ ಹಾರ್ಲ್ಯಾಂಡ್ ಅಂಡ್ ವೂಲ್ಫ್ ಕಟ್ಟಿದ ‘ಡ್ಯೂಕ್ ಆಫ್ ಲ್ಯಾಂಕಾಸ್ಟರ್’ 1956ರಿಂದ ಇಂಗ್ಲೆಂಡಿನ ಹೇಶಮ್ ಮತ್ತು ಬೆಲ್‌ಫಾಸ್ಟ್ ನಡುವೆ ಪ್ರಯಾಣಿಕರನ್ನು ಸಾಗಿಸಿತು. 1979ರಲ್ಲಿ ಅದನ್ನು ಉತ್ತರ ವೇಲ್ಸ್‌ನಲ್ಲಿ, ಡೀ ನದಿಯ ಅಳಿವೆಯ ಲಾನೆರ್ಕ್-ಇ-ಮೋರ್ ಎಂಬಲ್ಲಿ ದಡಕ್ಕೇರಿಸಿ ಕಾಯಂ ನಿಲ್ಲಿಸಲಾಯಿತು. ‘ಫನ್ ಶಿಪ್’ ಎಂಬ ಹೆಸರಿನಲ್ಲಿ ಅದು ಅಂಗಡಿ, ಉಪಾಹಾರ ಗೃಹ, ಆಟದ ಯಂತ್ರಗಳ ವಿನೋದ ತಾಣವಾಯಿತು. ಸ್ಥಳೀಯ ಆಡಳಿತದೊಂದಿಗೆ ಎದ್ದ ತಗಾದೆಗಳ ನಡುವೆ ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಯಂತ್ರಗಳನ್ನು ಇಳಿಸಲಿಲ್ಲ.

ಆ ಯಂತ್ರಗಳು ಬಂದ ಕಾಲ ಗಮನಾರ್ಹ: 1970ರ ದಶಕದ ಕೊನೆ, 80ರ ಮೊದಲ ವರ್ಷಗಳು. ಜಾಮಾ ಇನ್ನೂ ಬಂದಿರಲಿಲ್ಲ, ಸ್ಟ್ರೀಟ್ ಫೈಟರ್ ಹುಟ್ಟಿರಲಿಲ್ಲ. ಬ್ರಿಟನ್ನಿನ ಉಳಿದ ಕಡಲತೀರದ ಆರ್ಕೇಡ್‌ಗಳಲ್ಲಿ ಅದೇ ತಲೆಮಾರಿನ ಪೆಟ್ಟಿಗೆಗಳು ಮತ್ತೆ ಮತ್ತೆ ಬೋರ್ಡ್ ಬದಲಿಸಿಕೊಂಡು ಗುರುತು ಸಿಗದಂತಾದಾಗ, ಹಡಗಿನವು ಕರೆಂಟಿಲ್ಲದೆ ನಿಂತೇ ಇದ್ದವು. 2010ರ ದಶಕದ ಆರಂಭದಲ್ಲಿ ಸಂಗ್ರಾಹಕರ ಗುಂಪೊಂದು ಮಾಲೀಕರೊಂದಿಗೆ ದೀರ್ಘ ಮಾತುಕತೆ ನಡೆಸಿ, ಸುಮಾರು ಐವತ್ತು ಯಂತ್ರಗಳನ್ನು ಖರೀದಿಸಿ ಕ್ರೇನ್ ತರಿಸಿ ಕೆಳಗಿಳಿಸಿತು. ಅದೇ ಕಾಲಕ್ಕೆ ಹಡಗಿನ ಹೊರಮೈ ಗೋಡೆಚಿತ್ರ ಬರೆಯುವ ಕಲಾವಿದರ ಕೈಗೆ ಸಿಕ್ಕು ಬಣ್ಣ ಬಣ್ಣವಾಯಿತು. ಪತ್ರಿಕೆಗಳ ಕಣ್ಣಿಗೆ ಹೆಚ್ಚು ಬಿದ್ದದ್ದು ಅದೇ.

ಬೀಗ ಯಂತ್ರವನ್ನು ಮನುಷ್ಯರಿಂದ ಕಾಪಾಡುತ್ತದೆ, ಹವೆಯಿಂದ ಕಾಪಾಡುವುದಿಲ್ಲ. ಪೆಟ್ಟಿಗೆಗಳು ಹೆಚ್ಚಾಗಿ ಅಗ್ಗದ ಪಾರ್ಟಿಕಲ್ ಬೋರ್ಡ್ ಅಥವಾ ಪ್ಲೈವುಡ್‌ನವು. ನೆಲದ ತೇವ ಬುಡದಿಂದ ಮೇಲಕ್ಕೆ ಹೀರಿಕೊಂಡು ಪಾರ್ಟಿಕಲ್ ಬೋರ್ಡ್ ಉಬ್ಬುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಸಮುದ್ರದ ಗಾಳಿ ನಾಣ್ಯ ಬೀಳುವ ಬಾಗಿಲಿನ ಕಬ್ಬಿಣವನ್ನೂ ಬೋರ್ಡಿನ ಕನೆಕ್ಟರುಗಳನ್ನೂ ತಿನ್ನುತ್ತದೆ. ಪವರ್ ಸಪ್ಲೈ ಮತ್ತು ಮಾನಿಟರಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಬಳಸದಿದ್ದರೂ ಒಣಗುತ್ತವೆ. ಹೀಗಾಗಿ ಹಳೆಯ ಯಂತ್ರ ಸಿಕ್ಕ ಕೂಡಲೇ ಪ್ಲಗ್ ಚುಚ್ಚಿ ನೋಡುವುದು ಈ ಕೆಲಸದಲ್ಲಿ ಹೊಸಬರು ಮಾಡುವ ಕೇಡು.

ಅತಿ ಹೆಚ್ಚು ಹಾನಿ ಮಾಡುವುದು ಚಿಕ್ಕ ವಸ್ತು. ವಿಲಿಯಮ್ಸ್ ಕಂಪನಿಯ ಡಿಫೆಂಡರ್‌ನಲ್ಲಿ ಗರಿಷ್ಠ ಅಂಕ ಮತ್ತು ಗಳಿಕೆಯ ಲೆಕ್ಕ ನೆನಪಿಡಲು ಬೋರ್ಡಿನ ಮೇಲೆ ಮೂರು ಪೆನ್ಸಿಲ್ ಸೆಲ್‌ಗಳಿರುತ್ತವೆ. ಅಂಗಡಿ ನಡೆಯುತ್ತಿದ್ದರೆ ಯಾರಾದರೂ ವರ್ಷಕ್ಕೊಮ್ಮೆ ಅವನ್ನು ಬದಲಿಸುತ್ತಾರೆ. ಬೀಗ ಬಿದ್ದರೆ ಸೆಲ್ ಸೋರಿ, ಒಳಗಿನ ಕ್ಷಾರ ಹಸಿರು ಬಿಳಿ ಹುಡಿಯಾಗಿ ಹಬ್ಬಿ, ತಾಮ್ರದ ಗೆರೆಗಳನ್ನು ಕಿತ್ತುಹಾಕುತ್ತದೆ. ಅಟಾರಿಯ 1981ರ ಸೆಂಟಿಪೀಡ್ ಈ ಕಾಟದಿಂದ ಬಚಾವು. ಅದರಲ್ಲಿ ಮೊದಲ ಮೂರು ಸ್ಥಾನದ ಅಂಕಗಳು ಸೆಲ್ ಇಲ್ಲದೆಯೇ ಉಳಿಯುವ ಚಿಪ್ಪಿನಲ್ಲಿ ಇರುತ್ತವೆ. ಪ್ಯಾಕ್-ಮ್ಯಾನ್ ಅಂಕವನ್ನು ಉಳಿಸುವುದೇ ಇಲ್ಲ, ಆದರೆ ಬೇರೊಂದು ಗುರುತು ಉಳಿಸುತ್ತದೆ: ದಿನವಿಡೀ ಅದೇ ನೀಲಿ ಚಕ್ರವ್ಯೂಹ ಬೆಳಗಿ ಪಿಕ್ಚರ್ ಟ್ಯೂಬಿನ ರಂಜಕದ ಪದರ ಸುಟ್ಟಿರುತ್ತದೆ. ಕರೆಂಟ್ ಇಲ್ಲದಾಗಲೂ ಗಾಜಿನ ಮೇಲೆ ಆ ಗೆರೆಗಳು ಕಾಣುತ್ತವೆ. ಬೇರೆ ಆಟ ಕೂರಿಸಿಕೊಂಡ ಪೆಟ್ಟಿಗೆಯ ಪೂರ್ವಾಶ್ರಮ ಪತ್ತೆಯಾಗಲು ಇದು ಕೆಲವೊಮ್ಮೆ ಸಾಕು.

ಆಟದ ಪ್ರೋಗ್ರಾಂ ಇರುವ ಇಪ್ರಾಂ ಚಿಪ್‌ಗಳ ವಿಷಯದಲ್ಲಿ ಕತ್ತಲೆಯೇ ಹಿತ. ಈ ಚಿಪ್‌ನ ನೆತ್ತಿಯಲ್ಲಿ ಚಿಕ್ಕ ಗಾಜಿನ ಕಿಂಡಿ ಇರುತ್ತದೆ. ಅಲ್ಲಿಂದ ನೇರಳಾತೀತ ಬೆಳಕು ಬಿದ್ದರೆ ಬರೆದಿದ್ದೆಲ್ಲ ಅಳಿಸುತ್ತದೆ, ಹೊಸದು ಬರೆಯಬಹುದು. ಕಿಂಡಿ ಮುಚ್ಚಲು ಕಂಪನಿಯವರು ಕಾಗದದ ಲೇಬಲ್ ಅಂಟಿಸುತ್ತಿದ್ದರು. ಅಂಟು ಒಣಗಿ ಲೇಬಲ್ ಉದುರಿದರೆ, ನೇರ ಬಿಸಿಲಿಗೆ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಬೆಳಕಿಗೆ ಸುಮಾರು ಮೂರು ವರ್ಷ ಸಾಕು ಎಂದು ತಯಾರಕರ ಕೈಪಿಡಿಗಳೇ ಎಚ್ಚರಿಸಿದ್ದವು. 1983ರ ಡ್ರ್ಯಾಗನ್ಸ್ ಲೇರ್‌ನಂಥ ಲೇಸರ್ ಡಿಸ್ಕ್ ಆಟಗಳ ತೊಂದರೆ ಇನ್ನೊಂದು ಬಗೆಯದು. ಡಿಸ್ಕ್ ಓದುವ ಪ್ಲೇಯರುಗಳು ಅಲ್ಲಿ ಇಡೀ ದಿನ ಡಿಸ್ಕಿನ ಉದ್ದಕ್ಕೂ ಅತ್ತಿಂದಿತ್ತ ನೆಗೆಯಬೇಕಾಗಿತ್ತು. ಆರ್ಕೇಡ್ ಮುಚ್ಚುವ ಮೊದಲೇ ಅವು ಕೆಟ್ಟು ಕೂರುತ್ತಿದ್ದವು.

ಕ್ಯಾಪ್‌ಕಾಮ್‌ನ 1993ರ ಸಿಪಿಎಸ್-2 ಬೋರ್ಡಿನ ಕಥೆ ಇವೆಲ್ಲಕ್ಕಿಂತ ಕ್ರೂರ, ಏಕೆಂದರೆ ಅಲ್ಲಿ ಸಾವು ವಿನ್ಯಾಸದಲ್ಲೇ ಇತ್ತು. ನಕಲು ತಡೆಯಲು ಪ್ರೋಗ್ರಾಮನ್ನು ಗೂಢಲಿಪಿಯಲ್ಲಿ ಬರೆದು, ಅದನ್ನು ಬಿಡಿಸುವ ಕೀಲಿಯನ್ನು ಲಿಥಿಯಂ ಬ್ಯಾಟರಿಯ ಆಸರೆಯಲ್ಲಿ ಮೆಮೊರಿಯೊಳಗಿಟ್ಟರು. ಬ್ಯಾಟರಿ ತೀರಿದ ದಿನ ಕೀಲಿ ಹೋಯಿತು, ಆಟವೂ ಹೋಯಿತು. ಬೀಗದ ಹಿಂದೆ ಇಟ್ಟು ಕಾಯುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಈ ಗೂಢಲಿಪಿಯನ್ನು ಪೂರ್ತಿಯಾಗಿ ಭೇದಿಸಿದ್ದು 2007ರ ಹೊತ್ತಿಗೆ, ಅದೂ ಹವ್ಯಾಸಿಗಳು. ಅವರಲ್ಲೊಬ್ಬರು ಇಟಲಿಯ ನಿಕೋಲಾ ಸಾಲ್ಮೋರಿಯಾ. 1997ರ ಫೆಬ್ರುವರಿಯಲ್ಲಿ ಮೇಮ್ ಎಂಬ ಎಮ್ಯುಲೇಟರನ್ನು ಆರಂಭಿಸಿದವರು. ಆರ್ಕೇಡ್ ಬೋರ್ಡು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಚಿಪ್ ಚಿಪ್ಪಾಗಿ ಸಾಫ್ಟ್‌ವೇರಿನಲ್ಲಿ ದಾಖಲಿಸುವುದು ಅದರ ಉದ್ದೇಶ. ಪ್ರೋಗ್ರಾಂ ಉಳಿಯಿತೆಂದರೆ ಆಟ ಉಳಿಯಿತೆಂದು ಒಪ್ಪುವವರಿಗೆ ಇದಕ್ಕಿಂತ ದೊಡ್ಡ ಭಂಡಾರವಿಲ್ಲ.

ಸಂಗ್ರಾಹಕರಲ್ಲಿ ಎಲ್ಲರೂ ಹಾಗೆ ಒಪ್ಪುವುದಿಲ್ಲ. ಅಟಾರಿ 1982ರಲ್ಲಿ ಪರೀಕ್ಷಿಸಿ ಕೈಬಿಟ್ಟ ಅಕ್ಕಾ ಅರ್ ಎಂಬ ಆಟದ ಯಂತ್ರಗಳು ಮೂರೇ ಉಳಿದಿರುವುದು ಗೊತ್ತಿದೆ. ಅದರ ಪ್ರೋಗ್ರಾಂ 2019ರಲ್ಲಿ ಎಲ್ಲಿಂದಲೋ ಹೊರಬಿದ್ದು ಮೇಮ್‌ಗೆ ಸೇರಿದಾಗ ಸಂತೋಷದಷ್ಟೇ ಜಗಳವೂ ಆಯಿತು. ತನ್ನ ಬಳಿ ಮಾತ್ರ ಇದೆ ಎಂಬುದೇ ಬೆಲೆಯ ಮೂಲವಾದಾಗ, ಖಾಸಗಿ ಸಂಗ್ರಹವೂ ಒಂದು ಬಗೆಯ ಮುಚ್ಚಿದ ಆರ್ಕೇಡೇ. ನ್ಯೂ ಹ್ಯಾಂಪ್‌ಶೈರ್‌ನ ಲಕೋನಿಯಾದಲ್ಲಿ 1952ರಿಂದ ನಡೆಯುತ್ತಿರುವ ಫನ್‌ಸ್ಪಾಟ್‌ನ ಮಹಡಿಯಲ್ಲಿ 1998ರಲ್ಲಿ ಆರಂಭವಾದ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂ ಇದಕ್ಕೆ ವಿರುದ್ಧದ ನಿಲುವು ತಳೆಯಿತು: ಯಂತ್ರ ಇಡುವುದು ಆಡುವುದಕ್ಕೆ. ಆಡಿದಷ್ಟೂ ಜಾಯ್‌ಸ್ಟಿಕ್ ಸವೆಯುತ್ತದೆ, ಟ್ಯೂಬು ಮಂಕಾಗುತ್ತದೆ, ಆ ಗಾತ್ರದ ಹೊಸ ಟ್ಯೂಬು ಈಗ ಯಾರೂ ತಯಾರಿಸುವುದಿಲ್ಲ. ಎಲ್‌ಸಿಡಿ ಕೂರಿಸಿದರೆ ಚಿತ್ರ ಬರುತ್ತದೆ. ಆಸ್ಟರಾಯ್ಡ್ಸ್‌ನಂತಹ, ಗೆರೆಗಳಿಂದಲೇ ಚಿತ್ರ ಬರೆಯುವ ವೆಕ್ಟರ್ ಆಟದ ಉರಿಯುವ ಚುಕ್ಕಿ ಬರುವುದಿಲ್ಲ.

ಜಪಾನಿನಲ್ಲಿ 1986ರಲ್ಲಿ 26,000 ಮೀರಿದ್ದ ಗೇಮ್ ಸೆಂಟರ್‌ಗಳು 2019ರ ಹೊತ್ತಿಗೆ ಸುಮಾರು 4,000ಕ್ಕೆ ಇಳಿದವು. ಸೆಗಾ ಕಂಪನಿ 2020ರ ಕೊನೆಯಲ್ಲಿ ತನ್ನ ಆರ್ಕೇಡ್ ವ್ಯವಹಾರದ ಬಹುಪಾಲನ್ನು ಗೆಂಡಾ ಎಂಬ ಕಂಪನಿಗೆ ಮಾರಿ, 2022ರಲ್ಲಿ ಉಳಿದದ್ದನ್ನೂ ಬಿಟ್ಟುಕೊಟ್ಟಿತು. ಅಲ್ಲಿ ಈಗ ಮುಚ್ಚುತ್ತಿರುವ ಕೇಂದ್ರಗಳ ಯಂತ್ರಗಳು ಬಹಳಷ್ಟು ಜಾಲಕ್ಕೆ ಜೋಡಿಸಿದಂಥವು: ಆಟಗಾರನ ಕಾರ್ಡು, ಅಂಕ, ಹೊಸ ಹಾಡು, ಹೊಸ ಪಾತ್ರ ಎಲ್ಲವೂ ತಯಾರಕರ ಸರ್ವರಿನಲ್ಲಿ. ಟೈಟೊ 2010ರಲ್ಲಿ ತಂದ ನೆಸಿಕಾ-ಕ್ರಾಸ್-ಲೈವ್ ವ್ಯವಸ್ಥೆಯಲ್ಲಿ ಆಟವೇ ಡೌನ್‌ಲೋಡ್ ಆಗಿ ಬರುತ್ತದೆ. ಸೇವೆ ನಿಂತ ದಿನ ಇಂಥ ಹಲವು ಯಂತ್ರಗಳು ಆರಂಭದ ಪರದೆ ದಾಟುವುದಿಲ್ಲ, ದಾಟಿದರೂ ಅರ್ಧಕ್ಕರ್ಧ ಸೌಲಭ್ಯ ಇರುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಉಳಿದದ್ದನ್ನು ಓದಲು ಗೂಢಲಿಪಿಯೂ ನಕಲು ತಡೆಯಲು ಚುಚ್ಚುವ ಡಾಂಗಲ್ಲೂ ಅಡ್ಡ. ಸರ್ವರಿನ ಉತ್ತರಗಳನ್ನು ಊಹಿಸಿ ಬದಲಿ ಸರ್ವರ್ ಬರೆಯುವ ಹವ್ಯಾಸಿಗಳ ಗುಂಪುಗಳು ಹುಟ್ಟಿವೆ. ಹಕ್ಕುಸ್ವಾಮ್ಯದ ದೃಷ್ಟಿಯಲ್ಲಿ ಆ ಕೆಲಸ ವಿವಾದಿತ, ಆದ್ದರಿಂದ ಅದು ಬಹುಪಾಲು ಸದ್ದಿಲ್ಲದೆ ನಡೆಯುತ್ತಿದೆ.