ತಾಯಿಗಾಲುವೆ ಮತ್ತು ಹೆಸರಿಲ್ಲದ ಕೈಗಳು

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಊರವರೆಲ್ಲ ಹಂಚಿಕೊಳ್ಳುವ ಮಣ್ಣಿನ ಕಾಲುವೆಗೆ 'ಅಸೇಕಿಯಾ' ಅಂತಾರೆ. ನದಿಯಿಂದ ಹೊರಡುವ ಮುಖ್ಯ ಕಾಲುವೆ 'ಅಸೇಕಿಯಾ ಮಾದ್ರೆ', ಅಂದರೆ ತಾಯಿಗಾಲುವೆ! ಹೆಸರೇನೋ ತಾಯಿಯದ್ದು.. ಆದರೆ ಅದರ ಚರಿತ್ರೆಯಲ್ಲಿ ತಾಯಂದಿರು ಎಲ್ಲಿ?

ಪದದ ಮೂಲ ಅರಬ್ಬಿ. ಅರಬ್ಬರಿಂದ ಸ್ಪೇನಿಗೆ ಬಂದ ಈ ಪದ್ಧತಿ 1598ರಲ್ಲಿ ಹುವಾನ್ ದೆ ಓನ್ಯಾತೆಯ ವಲಸಿಗರ ಜೊತೆ ರಿಯೋ ಗ್ರಾಂಡೆ ಕಣಿವೆ ಸೇರಿತು. ಅಲ್ಲಿನ ಪ್ಯೂಬ್ಲೋ ಮೂಲನಿವಾಸಿಗಳಂತೂ ಅದಕ್ಕೂ ಮೊದಲೇ ನೀರಾವರಿ ಬಲ್ಲವರು. ಇಂದಿಗೂ ಸುಮಾರು 700 ಅಸೇಕಿಯಾಗಳಿವೆ. ನೀರು ಹಂಚುವವನು 'ಮಯೊರ್ದೋಮೊ', ನಮ್ಮ ನೀರುಗಂಟಿ ಇದ್ದ ಹಾಗೆ. ಪ್ರತಿ ವಸಂತದಲ್ಲೂ ಎಲ್ಲ ಪಾಲುದಾರರು ಸೇರಿ ಹೂಳೆತ್ತಬೇಕು. ಸ್ಪೇನಿನ ಕಾನೂನಿನಲ್ಲಿ ಹೆಣ್ಣಿಗೂ ಜಮೀನಿನ ಹಕ್ಕಿತ್ತು. ಆದರೆ ಗುದ್ದಲಿ ಹಿಡಿಯುವುದು, ಸಭೆಯಲ್ಲಿ ಕೂರುವುದು ಬಹುಪಾಲು ಗಂಡಸರೇ.

ಕಲೆಯಲ್ಲೂ ಇದೇ ಕಥೆ. ಪೈನ್ ಹಲಗೆಗೆ ಜಿಪ್ಸಮ್ ಮತ್ತು ಅಂಟಿನ ಲೇಪ ಕೊಟ್ಟು, ಮಣ್ಣು, ಗಿಡಗಳ ಬಣ್ಣದಲ್ಲಿ ಸಂತರನ್ನು ಬರೆಯುವ 'ರೆತಾಬ್ಲೊ' ಅಲ್ಲಿನ ಹಳೆಯ ಮಿಶ್ರ ಮಾಧ್ಯಮ. ರೈತರ ಸಂತ ಸಾನ್ ಇಸಿದ್ರೋ ಅದರಲ್ಲಿ ಬಲು ಜನಪ್ರಿಯ. ಮೇ 15 ಅವನ ಹಬ್ಬ. ಪಕ್ಕದಲ್ಲಿ ಎತ್ತುಗಳು, ಉಳುಮೆ ಮಾಡುವ ದೇವದೂತ. ಅವನ ಹೆಂಡತಿ ಸಾಂತಾ ಮರಿಯಾ ದೆ ಲಾ ಕಬೇಸಾ ಕೂಡ ಸಂತಳೇ. ತನ್ನ ಮೇಲುಹೊದಿಕೆಯನ್ನು ನೀರಿನ ಮೇಲೆ ಹಾಸಿ ನದಿ ದಾಟುತ್ತಿದ್ದಳೆಂದು ಐತಿಹ್ಯ. ಸ್ಪೇನಿನಲ್ಲಿ ಬರ ಬಂದಾಗ ಅವಳ ತಲೆಬುರುಡೆಯನ್ನು ಮೆರವಣಿಗೆ ಮಾಡಿ ಮಳೆ ಬೇಡುತ್ತಿದ್ದರು. ನೀರಿನ ನಂಟು ಅವಳಿಗೇ ಹೆಚ್ಚು, ಚಿತ್ರ ಮಾತ್ರ ಅವನದ್ದು!

ಹಾಗಾದರೆ ಹೆಂಗಸರ ಕೈಕೆಲಸ ಎಲ್ಲಿತ್ತು? ಗೋಡೆಯ ಮೇಲೆ. ಹಸಿ ಇಟ್ಟಿಗೆಯ ಮನೆ, ಚರ್ಚುಗಳಿಗೆ ಮಣ್ಣು, ಮರಳು, ಹುಲ್ಲು, ನೀರು ಕಲಸಿ ಕೈಯಾರೆ ಮೆತ್ತುತ್ತಿದ್ದವರು 'ಎನ್ಹರಾದೋರಾ' ಎಂಬ ಹೆಂಗಸರು. ಅದೂ ಮಿಶ್ರ ಮಾಧ್ಯಮವೇ ಅಲ್ಲವೇ? ಆದರೆ ಮಳೆಗೆ ಗೋಡೆ ಸವೆಯುತ್ತದೆ, ಮತ್ತೆ ಮೆತ್ತಬೇಕು. ಹಲಗೆ ಮ್ಯೂಸಿಯಮ್ ಸೇರಿತು, ಗೋಡೆ ನೀರಾಯಿತು. ಸಹಿ ಉಳಿಯುವುದಾದರೂ ಹೇಗೆ?

ತಾವೋಸ್‌ನ ಅನಿತಾ ರೊಡ್ರೀಗೆಸ್ ವರ್ಷಗಟ್ಟಲೆ ಎನ್ಹರಾದೋರಾ ಆಗಿ ದುಡಿದು, ಆಮೇಲೆ ಚಿತ್ರಕಲಾವಿದೆಯಾದವರು. ಈಗ ಹೆಂಗಸರು ಮಯೊರ್ದೋಮಾ ಕೂಡ ಆಗುತ್ತಿದ್ದಾರೆ.

ತಾಯಿಗಾಲುವೆಯ ತಾಯಂದಿರನ್ನು ನೆನೆಯುವ ಕಲಾಕೃತಿಗೆ ಮಣ್ಣು, ಹುಲ್ಲು ಬಳಸಿದರೆ ಅದು ಬರೀ ಅಲಂಕಾರವಲ್ಲ, ಅಳಿಸಿಹೋದ ಸಹಿಯನ್ನು ಮತ್ತೆ ಹಾಕಿದಂತೆ. ಸಾರಿಸಿ ರಂಗೋಲಿ ಇಟ್ಟ ನಮ್ಮ ಅಜ್ಜಿಯರ ಸಹಿಯೂ ಹೀಗೇ ಅಳಿಸಿಹೋಯಿತಲ್ಲ.. ನಿಮಗೇನನ್ನಿಸುತ್ತೆ?